ಅಕ್ಕನ ಈರುಳ್ಳಿ ಪ್ರಶ್ನೆ, ನನ್ನ ಇಂಗ್ಲಿಷು

ನಾನು ಮಾಡಿದ ಮೊದಲ ಉದ್ಯೋಗ ತರ್ಜುಮೆ. ಆಗ ನನಗೆ ಏಳೋ ಎಂಟೋ ವರ್ಷ. ತಾತನಿಗೂ ಅಜ್ಜಿಗೂ ಮಾತು ನಿಂತುಹೋಗಿತ್ತು. ಯಾಕೆ ನಿಂತಿತು ಅನ್ನುವುದು ಇಬ್ಬರಿಗೂ ಮರೆತಿತ್ತು, ಆದರೂ ಸೋಲಲು ಇಬ್ಬರೂ ತಯಾರಿರಲಿಲ್ಲ. ಅಜ್ಜಿ ಒಲೆಯ ಮುಂದಿನಿಂದ ಕೂಗುತ್ತಿದ್ದಳು: “ಓಗಿ ಏಳ್ಲಾ ಆ ಮುದುಕಂಗೆ, ಮುದ್ದೆ ಆರೋಯ್ತಾ ಅದೆ. ತಿಂದ್ರೆ ತಿನ್ಲಿ, ಇಲ್ದಿದ್ರೆ ನಾಯಿಗ್ ಆಕ್ತೀನಿ.” ನಾನು ಜಗಲಿಗೆ ಓಡಿ, “ತಾತ, ಅಜ್ಜಿ ಉಣ್ಣಕ್ಕೆ ಕರೀತಾ ಅವ್ಳೆ,” ಅನ್ನುತ್ತಿದ್ದೆ. “ಅವ್ಳ ಮುದ್ದೇಲಿ ಬರೀ ಕಲ್ಲು, ಇರೋ ನಾಕು ಹಲ್ಲೂ ಉದುರೋಯ್ತವೆ ಅನ್ನು,” ಅಂತ ತಾತ ಗುರುಗುಟ್ಟಿದರೆ, ನಾನು ವಾಪಸು ಬಂದು, “ಬತ್ತಾ ಅವ್ರಂತೆ ಅಜ್ಜಿ,” ಅನ್ನುತ್ತಿದ್ದೆ. ಮನೆ ನೆಮ್ಮದಿಯಾಗಿತ್ತು. ನನಗೆ ಎರಡೂ ಕಡೆಯಿಂದ ಬೆಲ್ಲ ಸಿಗುತ್ತಿತ್ತು.

ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ಮಾತ್ರ ಬಾಗಿಲ ಸಂದಿಯಲ್ಲಿ ನಿಂತು ಅತ್ತಲ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದಳು, ಇತ್ತಲದನ್ನೂ ಕೇಳಿಸಿಕೊಳ್ಳುತ್ತಿದ್ದಳು. “ಲೇ ಸುಳ್ಬುರ್ಕ, ಒಂದಿನ ಸಿಕ್ಕಾಕ್ಕೋತೀಯ ಕಣ್ಲಾ,” ಅನ್ನುತ್ತಿದ್ದಳು. ಸಿಕ್ಕಿಹಾಕಿಕೊಳ್ಳಲು ನನಗೆ ನಲವತ್ತು ವರ್ಷ ಹಿಡಿಯಿತು. ಅದೂ ದೆಹಲಿಯಿಂದ ಬಂದವರ ಎದುರಿಗೆ ಅವಳ ಮಾತನ್ನೇ ತರ್ಜುಮೆ ಮಾಡಲು ಹೋಗಿ.

ನಾನು ಗುಂಡ್ಲುಪೇಟೆಯ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಒಂದು ದಿನ ಹೆಡ್‌ಮಾಸ್ಟರು ಕರೆದು, “ಪಾರ್ಲಿಮೆಂಟಿನ ಸಮಿತಿ ಚಾಮರಾಜನಗರಕ್ಕೆ ಬರ್ತಾ ಇದೆಯಂತೆ. ರೈತರ ಮಾತನ್ನ ಇಂಗ್ಲಿಷಿಗೆ ಮಾಡಿ ಹೇಳೋಕೆ ಜನ ಬೇಕಂತೆ. ನಿಮ್ಮ ಹೆಸರು ಕೊಟ್ಟಿದೀನಿ,” ಅಂದರು. ಬೇರೆ ಬೇರೆ ಪಕ್ಷದ, ಬೇರೆ ಬೇರೆ ರಾಜ್ಯದ ಸಂಸದರು ಅದರಲ್ಲಿದ್ದರು. ಸರ್ಕಾರ ಹೊರದೇಶಕ್ಕೆ ಯಾವುದನ್ನು ಮಾರಲು ಬಿಡುತ್ತದೆ, ಯಾವುದನ್ನು ತಡೆಯುತ್ತದೆ, ಅದು ಸರಿಯೋ ತಪ್ಪೋ ಎಂದು ವಿಚಾರಿಸಿ ಎರಡೂ ಸದನಗಳ ಮುಂದೆ ವರದಿ ಇಡುವುದು ಅವರ ಕೆಲಸ. ಪಾರ್ಲಿಮೆಂಟು ಅಂದರೆ ಟಿವಿಯಲ್ಲಿ ಕಿರುಚಾಡುವುದು ಅಂತ ತಿಳಿದಿದ್ದ ನನಗೆ, ಹೀಗೆ ಊರೂರು ತಿರುಗಿ ಕೂತು ಕೇಳುವವರೂ ಅಲ್ಲಿದ್ದಾರೆ ಅನ್ನುವುದು ಆಗಲೇ ಗೊತ್ತಾದದ್ದು. ನಾನಂತೂ ಉಬ್ಬಿಹೋದೆ. ಹೆಂಡತಿಯ ಕೈಲಿ ಎರಡು ಸಲ ಅಂಗಿ ಇಸ್ತ್ರಿ ಮಾಡಿಸಿದೆ. ಎರಡನೆಯ ಸಲ ಅವಳು ಇಸ್ತ್ರಿ ಪೆಟ್ಟಿಗೆಯನ್ನು ನನ್ನ ಕೈಗೇ ಕೊಟ್ಟು ಹೋದಳು.

ಸಂಜೆ ತೆರಕಣಾಂಬಿಯಿಂದ ಅಕ್ಕನ ಫೋನು. ಅವಳು ಮದುವೆಯಾಗಿ ಹೋದದ್ದು ಅಲ್ಲಿಗೇ. ಅಲ್ಲಿನ ಹೆಂಗಸರ ಸಂಘದಿಂದ ಒಬ್ಬರು ಸಮಿತಿಯ ಮುಂದೆ ಮಾತಾಡಬೇಕು ಅಂದಾಗ ಎಲ್ಲರೂ ಅವಳನ್ನೇ ಮುಂದೆ ತಳ್ಳಿದ್ದರು. “ನೀನೇ ಇಂಗ್ಲೀಸ್ ಏಳೋನಂತಲ್ಲ? ಒಳ್ಳೇದೇ ಆಯ್ತು ಬುಡು. ಬೇರೆ ಯಾವನಾದ್ರೂ ಆಗಿದ್ರೆ ನನ್ ಮಾತ್ನ ಅರ್ಧ ನುಂಗಾಕ್ಬುಡೋನು,” ಅಂದಳು.

ಅವಳು ಹೇಳಬೇಕಾದದ್ದು ಈರುಳ್ಳಿಯ ವಿಷಯ. ನಮ್ಮ ಕಡೆ ಬೆಳೆಯುವುದು ಸಾಂಬಾರಿಗೆ ಹಾಕುವ ಸಣ್ಣ ಈರುಳ್ಳಿ. ನಾವು ತಿನ್ನುತ್ತೇವೆ, ತಮಿಳರು ತಿನ್ನುತ್ತಾರೆ, ಕೇರಳದವರು ತಿನ್ನುತ್ತಾರೆ, ಸಮುದ್ರದಾಚೆ ಮಲೇಷ್ಯಾ, ಲಂಕೆಯ ಕಡೆ ಇರುವ ತಮಿಳರು ಇದಿಲ್ಲದೆ ಒಲೆ ಹಚ್ಚುವುದಿಲ್ಲ. ದೆಹಲಿಯವರು ಮೂಸಿಯೂ ನೋಡುವುದಿಲ್ಲ. ಆದರೆ ದೆಹಲಿಯಲ್ಲಿ ದಪ್ಪ ಈರುಳ್ಳಿಗೆ ಬೆಲೆ ಏರಿದರೆ ಸಾಕು, ಬೆಳಗಾಗುವಷ್ಟರಲ್ಲಿ ‘ಈರುಳ್ಳಿ ಹೊರದೇಶಕ್ಕೆ ಹೋಗಕೂಡದು’ ಅಂತ ಆದೇಶ ಬರುತ್ತದೆ. ದಪ್ಪದ ತಪ್ಪಿಗೆ ಸಣ್ಣದಕ್ಕೂ ಬೀಗ. ಹಿಂದಿನ ಸಲ ಹಾಗಾದಾಗ ತಮಿಳುನಾಡಿನ ವ್ಯಾಪಾರಿಗಳ ಲಾರಿ ಬರುವುದು ನಿಂತು, ಅಕ್ಕ ಬಿದಿರು ತಡಿಕೆಯ ಮೇಲೆ ಹರಡಿದ್ದ ಗಡ್ಡೆಯೆಲ್ಲ ಹಸಿರಾಗಿ ಮೊಳೆತುಹೋಗಿತ್ತು. ಅದಕ್ಕಿಂತ ಹೆಚ್ಚಾಗಿ ಅವಳಿಗೆ ಉರಿದದ್ದು, ಯಾರೂ ಒಂದು ಮಾತು ಕೇಳಲಿಲ್ಲವಲ್ಲ ಅಂತ. ‘ಸಣ್ಣ ಈರುಳ್ಳಿಯನ್ನು ಬೇರೆ ಎಣಿಸಿ’ ಅಂತ ಆ ವರದಿಯಲ್ಲಿ ಒಂದು ಸಾಲು ಬರಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಸಭೆಯ ದಿನ ತೆರಕಣಾಂಬಿಯಲ್ಲಿ ಅಕ್ಕ ನಾನಿದ್ದ ಬಸ್ಸು ಹತ್ತಿದಳು. ರೇಷ್ಮೆ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. “ಇದೇನಕ್ಕ?” ಅಂದರೆ, “ಸಾಕ್ಸಿ,” ಅಂದಳು. ಒಳಗೆ ಎರಡು ಥರದ ಈರುಳ್ಳಿ. ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತ ಪಾಠ ಒಪ್ಪಿಸಿಕೊಂಡಳು. ನಡುವೆ ಒಮ್ಮೆ, “ಮೇಷ್ಟ್ರೇ, ಒಂದಕ್ಸರ ಬುಡಂಗಿಲ್ಲ,” ಅಂತ ನನ್ನ ತೊಡೆಗೆ ಗುದ್ದಿದಳು.

ಸಭೆಯ ಬಾಗಿಲಲ್ಲಿ ಒಬ್ಬ ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದು, “ಮೇಷ್ಟ್ರೇ, ದೊಡ್ಡೋರು ಬಂದಿದ್ದಾರೆ, ಸ್ವಲ್ಪ ನೈಸಾಗಿ ಹೇಳಿ,” ಅಂದರು. ಅಷ್ಟು ಸಾಕಾಯಿತು. ಅಜ್ಜಿಯ ಅಡುಗೆಮನೆಯೂ ತಾತನ ಜಗಲಿಯೂ ಒಟ್ಟಿಗೇ ನನ್ನ ಹೊಟ್ಟೆಯೊಳಕ್ಕೆ ಬಂದು ಕೂತವು.

ಅಕ್ಕನ ಸರದಿ ಬಂತು. ಚೀಲ ಬೋರಲು ಹಾಕಿ ಈರುಳ್ಳಿಯನ್ನೆಲ್ಲ ಮೇಜಿನ ಮೇಲೆ ಸುರಿದಳು. ವಯಸ್ಸಾದ ಒಬ್ಬ ಮಹಿಳಾ ಸದಸ್ಯರು ಸಣ್ಣದೊಂದನ್ನು ಎತ್ತಿಕೊಂಡು, ಪಾಪ, ಮಳೆ ಸಾಲದೆ ಸರಿಯಾಗಿ ಬೆಳೆದಿಲ್ಲವೇ ಅಂತ ಮರುಕದಿಂದ ಕೇಳಿದರು. ನಾನು ಅದನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಅಕ್ಕ ನಕ್ಕುಬಿಟ್ಟಳು. “ಇದು ಇಷ್ಟೇಯ ತಾಯಿ ಬೆಳೆಯೋದು. ಇದೇ ಬ್ಯಾರೆ, ಅದೇ ಬ್ಯಾರೆ.” ನಾನು ಇದನ್ನು ಸರಿಯಾಗಿಯೇ ಹೇಳಿದೆ, ಆಣೆ ಮಾಡುತ್ತೇನೆ. ಆದರೆ ಅಷ್ಟರಲ್ಲಿ ಯಾರೋ ಟೀ ತಂದರು. ಎಲ್ಲರ ಗಮನ ಬಿಸ್ಕತ್ತಿನ ತಟ್ಟೆಯ ಕಡೆ ಹೋಯಿತು. ಅಕ್ಕನಿಗೆ ಅದನ್ನು ಸಹಿಸಲಾಗಲಿಲ್ಲ. ಎದ್ದು ನಿಂತಳು.

“ಸಾಮಿ, ಟಿವೀಲಿ ನೋಡ್ದೆ. ನಮ್ ದೇಸ ಫಾರಿನ್ನಿಗೆ ಬಂದೂಕ, ಮದ್ದುಗುಂಡು, ಆಕಾಸಕ್ಕೆ ಆರ್ತದಲ್ಲ ಅದು, ಎಲ್ಲಾನೂ ಮಾರ್ತದಂತೆ. ಮಾರ್ಲಿ, ನಾ ಬ್ಯಾಡ ಅನ್ನಕಿಲ್ಲ. ಆಳು ಸಾಯ್ಸೋ ಸಾಮಾನ್ನ ಕಳಿಸ್ವಾಗ ಯಾರ್ಗೂ ಭಯ ಇಲ್ಲ. ಸಾಂಬಾರಿಗ್ ಆಕೋ ನನ್ ಈರುಳ್ಳಿ ಕಂಡ್ರೆ ಯಾಕ್ ಸಾಮಿ ಅಷ್ಟ್ ಭಯ? ತಡೆಯೋದಾದ್ರೆ ದಪ್ಪದ್ನ ತಡೀರಿ, ಸಣ್ಣದ್ನ ಬುಡಿ. ಬೀಗ ಆಕೋ ಮುಂಚೆ ನಮ್ಮನ್ನ ಒಂದ್ ಮಾತು ಕೇಳಿದ್ರಾ? ಸರ್ಕಾರನ ಪ್ರಶ್ನೆ ಕೇಳೋರು ನೀವಂತಲ್ಲ, ಇದ್ನ ಕೇಳಿ ಓಗಿ.”

ಸಮಿತಿಯ ಅಧ್ಯಕ್ಷರು ನನ್ನ ಕಡೆ ನೋಡಿದರು. ಬಾಗಿಲಲ್ಲಿ ಸಿಕ್ಕಿದ್ದ ಅಧಿಕಾರಿಯೂ ನೋಡಿದರು. ನಾನು ಗಂಟಲು ಸರಿಮಾಡಿಕೊಂಡು ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ದೇಶದ ರಫ್ತು ಬೆಳೆಯುತ್ತಿರುವುದಕ್ಕೆ ಈಕೆ ಹೆಮ್ಮೆಪಡುತ್ತಾರೆ, ಈರುಳ್ಳಿ ಬೆಳೆಗಾರರ ಮೇಲೂ ತಮ್ಮ ಕೃಪೆ ಇರಲಿ ಎಂದು ಕೋರುತ್ತಾರೆ. ಸದಸ್ಯರೆಲ್ಲ ತಲೆದೂಗಿದರು. ಮೂಲೆಯಲ್ಲಿ ಕೂತಿದ್ದವರು ಬರೆದುಕೊಂಡರು. ಅಲ್ಲಿದ್ದ ಕನ್ನಡದವರಿಗೆಲ್ಲ ನಾನು ಮಾಡಿದ್ದು ಗೊತ್ತಾಯಿತು. ಒಬ್ಬರೂ ತುಟಿ ಬಿಚ್ಚಲಿಲ್ಲ.

ಅಕ್ಕ ನನ್ನತ್ತ ತಿರುಗಿದಳು. “ಇದೇನ್ಲಾ, ನಾ ಅಷ್ಟುದ್ದ ಏಳ್ದೆ, ನೀನು ಎಲ್ಡೇ ಮಾತ್ಗೆ ಮುಗಿಸ್ಬುಟ್ಟೆ?”

“ಇಂಗ್ಲಿಷಲ್ಲಿ ಚಿಕ್ಕದಾಗೇ ಬರೋದು ಕಣಕ್ಕ,” ಅಂದೆ.

ಆಕೆ ಏನು ಹೇಳುತ್ತಿದ್ದಾರೆ ಅಂತ ಅಧ್ಯಕ್ಷರು ವಿಚಾರಿಸಿದರು. ಧನ್ಯವಾದ ಹೇಳುತ್ತಿದ್ದಾರೆ ಅಂದೆ. ಅದನ್ನೂ ಬರೆದುಕೊಂಡರು.

ಅಕ್ಕ ನನ್ನನ್ನು ಅಲ್ಲೇ ಉಗಿದಿದ್ದರೆ ಚೆನ್ನಾಗಿತ್ತು. ಉಗಿಯಲಿಲ್ಲ, ನಂಬಿದಳು. ಚಾಮರಾಜನಗರದ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದಳು. “ಬರ್ಕೊಂಡ್ರು ಅಲ್ವಾ?” ಅಂದಳು. “ಬರ್ಕೊಂಡ್ರು,” ಅಂದೆ. ಅದೊಂದು ನಿಜ. ದೋಸೆ ಗರಿಗರಿಯಾಗಿತ್ತು. ನನಗೆ ಮಣ್ಣು ತಿಂದಂತಾಯಿತು.

ಆಮೇಲೆ ಪ್ರತಿ ವಾರ ಅವಳ ಫೋನು. “ಬಂತೇನ್ಲಾ ವರದಿ?” ಊರಲ್ಲಿ ಅವಳು ಡೆಲ್ಲಿಯವರನ್ನು ಗದರಿಸಿದ ಕಥೆ ಮನೆಮನೆ ತಿರುಗಿತ್ತು. ಸಂತೆಮರಹಳ್ಳಿಯ ಸಂತೆಗೆ ಹೋದಾಗ ಗುರುತಿಲ್ಲದ ಹೆಂಗಸರೂ, “ಬಂದೂಕದ ಮಾತು ಕೇಳ್ದೋಳು ನೀನೇಯಾ?” ಅಂದರಂತೆ. ಅದನ್ನು ಹೇಳುವಾಗ ಅವಳ ದನಿ ಹದಿನೆಂಟರ ಹುಡುಗಿಯದಾಗುತ್ತಿತ್ತು. ಸರ್ಕಾರದ ಕೆಲಸ ದೇವರ ಕೆಲಸ, ಯಾವತ್ತು ಹೊತ್ತಿಗೆ ಸರಿಯಾಗಿ ಆಗಿದೆ, ವರದಿ ಬರುವುದಿಲ್ಲ ಅಂತ ನಾನು ಧೈರ್ಯವಾಗಿದ್ದೆ. ದರಿದ್ರದ್ದು, ಇದೊಂದು ಬಂತು.

ಒಂದು ಭಾನುವಾರ ಬೆಳಿಗ್ಗೆ ಅಕ್ಕ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ವರದಿ ಎರಡೂ ಸದನದ ಮುಂದೆ ಬಂದಿದೆ ಅಂತ ಯಾರೋ ಹೇಳಿ, ಕಂಪ್ಯೂಟರ್ ಅಂಗಡಿಯಲ್ಲಿ ನಮ್ಮ ಜಿಲ್ಲೆಯ ಪುಟಗಳನ್ನು ಪ್ರಿಂಟ್ ತೆಗೆಸಿಕೊಂಡು ಬಂದಿದ್ದಳು. ಕಾಫಿಯೂ ಬೇಡ ಅಂದಳು. “ನಾ ಏಳಿದ್ದು ಎಲ್ಲದೆ, ಬೆರ್ಳಿಟ್ಟು ತೋರ್ಸು. ಸಂಘದೋರ್ಗೆ ಓದೇಳ್ಬೇಕು.”

ಓದಿದೆ. ಗುಂಡ್ಲುಪೇಟೆ ತಾಲ್ಲೂಕಿನ ಒಬ್ಬ ಮಹಿಳಾ ಬೆಳೆಗಾರರು ರಫ್ತು ನೀತಿಯನ್ನು ಮೆಚ್ಚಿ ಧನ್ಯವಾದ ಅರ್ಪಿಸಿದರು ಅಂತಿತ್ತು. ಕೆಳಗೆ ಇನ್ನೊಂದು ಸಾಲು: ಬೆಳೆಗಾರರಿಂದ ಆಕ್ಷೇಪ ಬಾರದ ಕಾರಣ ಸಣ್ಣ ಈರುಳ್ಳಿಯ ಬಗ್ಗೆ ಸಮಿತಿ ಪ್ರತ್ಯೇಕ ಶಿಫಾರಸು ಮಾಡುವುದಿಲ್ಲ.

ಪುಟ ಇಂಗ್ಲಿಷಿನಲ್ಲಿತ್ತು. ಅಕ್ಕನಿಗೆ ಇಂಗ್ಲಿಷು ಬಾರದು. ಎಲ್ಲಾದರೂ ಬೆರಳಿಟ್ಟು, ‘ಇಲ್ಲದೆ ಕಣಕ್ಕ, ಬಂದೂಕ, ಈರುಳ್ಳಿ, ಎಲ್ಲಾ ಅದೆ’ ಅಂದಿದ್ದರೆ ಮುಗಿಯುತ್ತಿತ್ತು. ಅವಳು ನಗುತ್ತ ಹೋಗುತ್ತಿದ್ದಳು. ನಾಲಿಗೆಯ ತುದಿಗೂ ಬಂತು. ಆದರೆ ಮುಂದಿನ ಸಲ ಬೀಗ ಬಿದ್ದಾಗ ಇದೇ ಕಾಗದ ಹಿಡಿದುಕೊಂಡು ಅವಳು ಯಾವುದೋ ಕಚೇರಿಯ ಮುಂದೆ ನಿಂತದ್ದು, ಅಲ್ಲಿನವರು ನಕ್ಕದ್ದು, ಕಣ್ಣಿಗೆ ಕಟ್ಟಿದಂತಾಯಿತು. ನನ್ನ ಕೈಲಿ ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿದೆ. ಆ ದಿನ ನಾನು ಮಾಡಿದ್ದನ್ನೂ ಹೇಳಿದೆ.

ಅವಳು ಆ ಪುಟಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿಟ್ಟಳು. ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

“ಪೆನ್ ತಕ,” ಅಂದಳು ಕೊನೆಗೆ. “ಕಾಗ್ದ ತಕ. ಆ ಸಮಿತಿಯೋರ್ಗೆ ಬರಿ.”

ಅವಳು ಹೇಳಿದಳು, ನಾನು ಇಂಗ್ಲಿಷಿನಲ್ಲಿ ಬರೆದೆ. ಬಂದೂಕ ಬರೆದೆ, ಆಳು ಸಾಯಿಸುವ ಸಾಮಾನು ಬರೆದೆ, ಬೀಗ ಬರೆದೆ. ಒಂದೊಂದು ಸಾಲು ಮುಗಿದಾಗಲೂ, “ಈಗ ಕನ್ನಡ್ದಲ್ಲಿ ಏಳು,” ಅಂತ ವಾಪಸು ಹೇಳಿಸಿಕೊಂಡಳು. ಇಂಗ್ಲಿಷು ಈಗ ಚಿಕ್ಕದಾಗಿ ಬರಲಿಲ್ಲ, ಮೂರು ಪುಟವಾಯಿತು.

“ಅವತ್ತು ಯಾಕ್ ತಪ್ಪಾಯ್ತು ಅಂತ್ಲೂ ಬರಿ,” ಅಂದಳು. ತರ್ಜುಮೆಯಲ್ಲಿ ದೋಷವಾಯಿತು ಅಂತ ಬರೆದೆ. ವಾಪಸು ಹೇಳಿಸಿಕೊಂಡಳು. “ದೋಸ ಅಲ್ಲ, ಎದ್ರುಕೊಂಡ ಅಂತ ಬರಿ.”

“ಅಕ್ಕ, ನಾನು ಸರ್ಕಾರಿ ನೌಕರ...”

“ನಾನು ಅಷ್ಟ್ ಜನದ ಮುಂದೆ ನಿಂತ್ಕೊಂಡಾಗ ನಂಗೂ ಕಾಲು ನಡುಗ್ತಿತ್ತು ಕಣ್ಲಾ. ಬರಿ.”

ಹೊಡೆದುಹಾಕಿ ಬರೆದೆ: ಅನುವಾದಿಸಿದ್ದು ನನ್ನ ಸ್ವಂತ ತಮ್ಮ. ಅವನು ಹೆದರಿಕೊಂಡ. ನನ್ನ ಕೈಯಕ್ಷರ ಮುತ್ತಿನಂತಿದೆ ಅಂತ ಶಾಲೆಯಲ್ಲಿ ಹೆಸರು. ಆ ಸಾಲು ಮಾತ್ರ ಸೊಟ್ಟಗೆ ಬಂತು.

ಸಹಿ ಹಾಕಲು ಪೆನ್ನು ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ. “ಇನ್ನೊಂದ್ ಮಾತದೆ. ಈ ಕಾಗ್ದಾನೂ ಇಂಗ್ಲೀಸಿಗೆ ಮಾಡ್ದೋನು ಅದೇ ತಮ್ಮ, ಈ ಸಲ ಸರ್ಯಾಗಿ ಮಾಡವ್ನೆ ಅಂತ ಬರಿ.”

ನಾನು ಪೆನ್ನನ್ನು ಕೆಳಗಿಟ್ಟೆ. “ಸರಿಯಾಗಿ ಮಾಡಿದೀನೋ ಇಲ್ವೋ, ನಿಂಗೆ ಹೆಂಗಕ್ಕ ಗೊತ್ತು?”

“ಗೊತ್ತಿಲ್ಲ,” ಅಂದಳು ಅಕ್ಕ. “ಅದ್ಕೇ ಬರಿ ಅಂದಿದ್ದು.”