ಏಳು ಗಂಟೆಯೊಳಗೆ ಟೀಮು

ವನಜಾ ಗೆದ್ದ ಮರುವರ್ಷ ನಿಯಮ ಬದಲಾಗುತ್ತದೆ. ಇದು ಶಾಪವೂ ಅಲ್ಲ, ಸಂಚೂ ಅಲ್ಲ. ಎಂಟು ಮಂದಿಯ ಆ ಲೀಗಿನಲ್ಲಿ ನಡೆದುಬಂದ ಪದ್ಧತಿ.

ಲೀಗ್ ಎಂದರೆ ಘನಂದಾರಿಯಾದದ್ದೇನಲ್ಲ. ಅಮೆರಿಕದಲ್ಲಿ ನಿಜವಾದ ಆಟಗಾರರು ನಿಜವಾದ ಬೇಸ್‌ಬಾಲ್ ಆಡುತ್ತಾರೆ. ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಲ್ಲಿ ಚದುರಿಹೋದ ಎಂಟು ಕನ್ನಡದವರು ಆ ಆಟಗಾರರ ಹೆಸರುಗಳನ್ನು ಹಂಚಿಕೊಂಡು ಫೋನಿನಲ್ಲಿ ತಂಡ ಕಟ್ಟುತ್ತಾರೆ. ಅಲ್ಲಿ ಒಬ್ಬ ಚೆನ್ನಾಗಿ ಹೊಡೆದರೆ ಇಲ್ಲಿ ಅವನ ಯಜಮಾನರಿಗೆ ಅಂಕ. ಯಾರು ಇವತ್ತು ಆಡಬೇಕು, ಯಾರು ಕೂರಬೇಕು ಎಂದು ದಿನಾ ಆರಿಸಬೇಕು, ಅಲ್ಲಿ ಆಟ ಶುರುವಾಗುವುದರೊಳಗೆ. ಗೆದ್ದವರಿಗೆ ಸಿಗುವುದು ಒಂದು ಹಿತ್ತಾಳೆ ಲೋಟ. ಅದು ಸದ್ಯ ಪರ್ತಿನ ಬಡಾವಣೆ ಜೂಂಡಲಪ್‌ನಲ್ಲಿ ವನಜಾಳ ಅಡುಗೆಮನೆಯಲ್ಲಿ ಚಮಚಗಳನ್ನು ಹೊತ್ತುಕೊಂಡು ನಿಂತಿದೆ.

ಮೊದಲ ಸಲ ಅವಳು ಗೆದ್ದದ್ದು ಓಟಗಾರರಿಂದ. ಚೆಂಡು ಎಸೆಯುವವನ ಕಣ್ಣು ತಪ್ಪಿಸಿ ಮುಂದಿನ ಮೂಲೆಯ ಬೇಸ್‌ಗೆ ಓಡಿಬಿಡುವ ಕಳ್ಳರನ್ನೆಲ್ಲ ಹುಡುಕಿ ಹುಡುಕಿ ಗುಡ್ಡೆ ಹಾಕಿದ್ದಳು. ಮರುವರ್ಷ ಆ ಓಟಕ್ಕೆ ಅಂಕ ಅರ್ಧಕ್ಕಿಳಿಯಿತು. ಎರಡನೇ ಸಲ ಆಟದ ಕೊನೆಗೆ ಬಂದು ಮುಗಿಸಿಕೊಡುವ ಎಸೆತಗಾರರಿಂದ ಗೆದ್ದಳು. ಅಂಥವರು ತಂಡಕ್ಕೆ ಇಬ್ಬರೇ ಎಂದು ಮಿತಿ ಬಂತು. ಮೂರನೇ ಸಲ ಯಾವ ಉಪಾಯವೂ ಇಲ್ಲದೆ, ಬರೀ ಬೇಗ ಏಳುವುದರಿಂದ ಗೆದ್ದಳು. ಈಗ ಅದರ ಮೇಲೂ ಕಣ್ಣು ಬಿತ್ತು.

ಈ ಆಟ ಅವಳಿಗೆ ಬಂದದ್ದು ಮಗಳಿಂದ. ಅನನ್ಯಾ ಒಂಬತ್ತು ವರ್ಷದವಳಿದ್ದಾಗ ಗೆಳತಿಯ ಜೊತೆ ಮೈದಾನಕ್ಕೆ ಹೋದವಳು ಬೇಸ್‌ಬಾಲ್ ಬೇಕೆಂದು ಹಟ ಹಿಡಿದಳು. ಮನೆಯಲ್ಲಿ ಕ್ರಿಕೆಟ್ ಇರುವಾಗ ಇದೆಂಥದು ಎಂದು ಗಂಡ ಸಂದೀಪ ಒಂದು ತಿಂಗಳು ಮುಖ ಊದಿಸಿಕೊಂಡಿದ್ದ. ಕ್ಲಬ್ಬಿನಲ್ಲಿ ಪ್ರತಿ ಮನೆಯಿಂದ ಒಬ್ಬರು ಏನಾದರೂ ಕೆಲಸ ಮಾಡಬೇಕಿತ್ತು. ಬಾರ್ಬೆಕ್ಯೂ ಒಲೆಯ ಮುಂದೆ ನಿಂತು ಸಾಸೇಜ್ ಸುಡುವುದು ಸಸ್ಯಾಹಾರಿ ಕೈಗೆ ಒಗ್ಗಲಿಲ್ಲವಾಗಿ, ಯಾರೂ ಮುಟ್ಟದ ಸ್ಕೋರ್ ಪುಸ್ತಕವನ್ನು ವನಜಾ ಎತ್ತಿಕೊಂಡಳು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದಿನವಿಡೀ ಸಣ್ಣ ಅಕ್ಷರದ ಚೀಟಿ ಓದುವವಳಿಗೆ ಅದೇನು ಮಹಾ. ಎರಡು ವರ್ಷದಲ್ಲಿ ಕೋಚೇ ಅವಳ ಹತ್ತಿರ ಬಂದು ಲೆಕ್ಕ ಕೇಳುವಂತಾಯಿತು.

ಆಮೇಲೆ ಅನನ್ಯಾ ಡಾಕ್ಟರಿಕೆ ಓದಲು ಅಡಿಲೇಡಿಗೆ, ಬೆಡ್‌ಫರ್ಡ್ ಪಾರ್ಕಿಗೆ ಹೋದಳು. ಊಟ ಆಯ್ತಾ ಎಂದು ಅಮ್ಮ ಬರೆದರೆ ಒಂದೇ ಅಕ್ಷರದ ಉತ್ತರ. ಮತ್ತೆ ಕೇಳಿದರೆ, ಅಮ್ಮ ಪ್ಲೀಸ್. ಕನ್ನಡ ಅರ್ಥವಾಗುವುದು ಪೂರ್ತಿ, ಬಾಯಿಂದ ಬರುವುದೆಲ್ಲ ಇಂಗ್ಲಿಷ್. ಅಷ್ಟರಲ್ಲಿ ಪರ್ತಿನದೇ ಹ್ಯಾರಿಸ್‌ಡೇಲ್‌ನ ರಮಾಕಾಂತ್ ಈ ಲೀಗ್ ಶುರುಮಾಡಿದರು. ತಾಯಿ ಮಗಳು ಇಬ್ಬರೂ ಸೇರಿದರು. ಅಂದಿನಿಂದ ಸೀಸನ್ ಇದ್ದಷ್ಟು ದಿನವೂ ಬೆಳಿಗ್ಗೆ ಆರೂ ನಲವತ್ತಕ್ಕೆ ಮಗಳ ಸಂದೇಶ ಬರುತ್ತದೆ. ನಿನ್ನ ಕ್ಯಾಚರ್ ಇವತ್ತು ಆಡುವುದಿಲ್ಲ, ಬದಲಾಯಿಸು. ಇವನ ಭುಜಕ್ಕೆ ನೋವಂತೆ, ನಿಜವಾ?

ನ್ಯೂಯಾರ್ಕಿನ ಸಂಜೆ ಏಳೆಂದರೆ ಪರ್ತಿನ ಬೆಳಿಗ್ಗೆ ಏಳು. ಗಡಿಯಾರದ ಮುಳ್ಳು ಅದೇ ಜಾಗದಲ್ಲಿ. ವನಜಾ ಐದಕ್ಕೆ ಎದ್ದು ಅಮೆರಿಕದ ಸುದ್ದಿಯೆಲ್ಲ ಓದಿ, ಆರೂವರೆಯ ಟ್ರೇನಿನಲ್ಲಿ ಕೂತು ಉತ್ತರ ಬರೆಯುತ್ತಾಳೆ. ಮಗಳು ಕೇಳಿದಾಗ ಗೊತ್ತಿಲ್ಲ ಎನ್ನಬಾರದಲ್ಲ. ದಿನಕ್ಕೆ ನಾಲ್ಕು ಸಾಲು. ಆ ನಾಲ್ಕು ಸಾಲಿಗಾಗಿ ಅವಳು ಇಡೀ ಬೇಸ್‌ಬಾಲನ್ನೇ ತಲೆಯ ಮೇಲೆ ಹೊತ್ತಿದ್ದಳು.

ಮಾರ್ಚಿನ ಒಂದು ಭಾನುವಾರ, ಪರ್ತಿನ ಲೆಕ್ಕದಲ್ಲಿ ನಾಲ್ಕು ಗಂಟೆಗೆ, ವಾರ್ಷಿಕ ಸಭೆ ವಿಡಿಯೋದಲ್ಲಿ ಸೇರಿತು. ಬ್ರಿಸ್ಬೇನಿನ ಸಾಫ್ಟ್‌ವೇರ್ ಹುಡುಗ ಉತ್ತಮ್ ತನ್ನ ತಿದ್ದುಪಡಿ ಮಂಡಿಸಿದ. ದಿನಾ ಟೀಮು ಹಾಕುವುದು ಬೇಡ. ವಾರಕ್ಕೊಮ್ಮೆ, ಮಂಗಳವಾರ ಬೆಳಿಗ್ಗೆ ಹಾಕಿ ಬೀಗ ಜಡಿಯೋಣ. ಅಮೆರಿಕದ ಸೋಮವಾರ ನಮಗೆ ಮಂಗಳವಾರವಲ್ಲವೇ.

"ಆಂಟಿ, ಏಳು ಗಂಟೇಗೆ ನೀವು ಟ್ರೇನಲ್ಲಿ ಆರಾಮಾಗಿ ಕೂತಿರ್ತೀರ," ಎಂದ. "ಇಲ್ಲಿ ನಮ್ಗೆ ಆಗ್ಲೇ ಒಂಬತ್ತು. ಮೀಟಿಂಗಲ್ಲಿ ಮ್ಯಾನೇಜರ್ ಎದುರಿಗೆ ನಿಂತಿರ್ತೀನಿ. ಇದ್ಯಾವ ನ್ಯಾಯ ಹೇಳಿ."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದಳು ವನಜಾ. "ನೀನು ಅಷ್ಟಕ್ಕೆ ಬಿಡ್ಲಿಲ್ಲ ಉತ್ತಮ್, ವರ್ಷಾ ವರ್ಷಾ ನೆಲಾನೇ ಅಗೀತಿದ್ದೀಯ."

ಎಲ್ಲರೂ ನಕ್ಕರು, ಉತ್ತಮ್ ಕೂಡ. ವನಜಾಳ ಕೈಯಲ್ಲಿ ಹಳೆಯ ಲಕೋಟೆಯ ಬೆನ್ನಿಗೆ ಬರೆದುಕೊಂಡ ಐದು ಕಾರಣಗಳಿದ್ದವು. ಐದೂ ಒಳ್ಳೆಯ ಕಾರಣಗಳೇ. ನಿಜವಾದದ್ದು ಮಾತ್ರ ಅದರಲ್ಲಿರಲಿಲ್ಲ. ಆರೂ ನಲವತ್ತಕ್ಕೆ ಬರುವ ಸಂದೇಶ ನಿಂತುಹೋಗುತ್ತದೆ ಎಂದು ಎಂಟು ಮಂದಿಯ ಮುಂದೆ, ಅದೂ ಮಗಳ ಮುಂದೆ, ಹೇಗೆ ಹೇಳುವುದು?

ಗಣಿಯಲ್ಲಿ ಎಂಜಿನಿಯರಾದ ರಮಾಕಾಂತ್‌ಗೆ ನಿಯಮವೆಂದರೆ ದೇವರು. ತಿದ್ದುಪಡಿಗೆ ಎಂಟರಲ್ಲಿ ಐದು ಮತ ಬೇಕು. ವರ್ಣಮಾಲೆಯ ಪ್ರಕಾರ ಕರೆಯುತ್ತಾರೆ. ಮತದ ಜೊತೆ ಒಂದು ಕಾರಣ ಹೇಳಬೇಕು.

"ಮೊದ್ಲು ಅನನ್ಯಾ," ಎಂದರು.

"ಯೆಸ್," ಎಂದಳು ಅನನ್ಯಾ.

ವನಜಾಗೆ ಕೇಳಿದ್ದು ಸರಿಯೇ ಎಂದು ಅನುಮಾನವಾಯಿತು. ಮಗಳು ಎಂದಿನಂತೆ ಇಂಗ್ಲಿಷಿನಲ್ಲಿ ಕಾರಣ ಹೇಳುತ್ತಿದ್ದಳು. ಹೋದ ವರ್ಷದಿಂದ ಅವಳಿಗೆ ಆಸ್ಪತ್ರೆಯ ವಾರ್ಡಿನಲ್ಲಿ ಪಾಠ. ಎಂಟಕ್ಕೇ ಹಾಜರಿರಬೇಕು. ಪರ್ತಿನ ಆರೂ ನಲವತ್ತೆಂದರೆ ಅಡಿಲೇಡಿನಲ್ಲಿ ಎಂಟೂ ಹತ್ತು. ವರ್ಷವಿಡೀ ಅವಳು ಹಿರಿಯ ಡಾಕ್ಟರ ಕಣ್ಣು ತಪ್ಪಿಸಿ, ಟಾಯ್ಲೆಟ್ಟಿನಲ್ಲಿ ನಿಂತು ಟೀಮು ಹಾಕಿದ್ದಾಳೆ. ಒಂದು ಸಲ ಸಿಕ್ಕಿಬಿದ್ದು ಬೈಸಿಕೊಂಡೂ ಆಗಿದೆ.

ಎಲ್ಲರೂ ಮತ್ತೆ ನಕ್ಕರು. ವನಜಾಗೆ ನಗು ಬರಲಿಲ್ಲ. ಮೊದಲು ಸಿಟ್ಟು ಬಂತು, ನನಗೊಂದು ಮಾತು ಹೇಳಬಾರದಿತ್ತೇ ಎಂದು. ಹಿಂದೆಯೇ ನಾಚಿಕೆಯಾಯಿತು. ತಾನು ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಓದಿ ಸಂತೋಷಪಟ್ಟದ್ದನ್ನು ಮಗಳು ಬಾಗಿಲ ಚಿಲಕ ಹಾಕಿಕೊಂಡು ಬರೆದಿದ್ದಳು.

ಹೆಸರುಗಳು ಒಂದೊಂದಾಗಿ ಮುಗಿದವು. ಬರೆದ ನಿಯಮ ಬರೆದ ಹಾಗೇ ಇರಲಿ ಎಂದು ರಮಾಕಾಂತ್ ಬೇಡವೆಂದರು. ಬೇಕು ಎಂದವರು ನಾಲ್ಕು, ಬೇಡ ಎಂದವರು ಮೂರು. ಕೊನೆಗೆ ಉಳಿದದ್ದು ವನಜಾ. ಬೇಡ ಎಂದರೆ ತಿದ್ದುಪಡಿ ಬಿದ್ದುಹೋಗುತ್ತದೆ. ಸಂದೇಶ ಉಳಿಯುತ್ತದೆ.

ಅವಳು ಲಕೋಟೆಯನ್ನು ಮಗುಚಿಟ್ಟಳು.

"ನಂದೂ ಯೆಸ್," ಎಂದಳು. "ದಿನಾ ಐದು ಗಂಟೇಗೆ ಎದ್ದು ಎದ್ದು ಸಾಕಾಗ್ಬಿಟ್ಟಿದೆ."

ಉತ್ತಮ್ ತೆರೆದ ಬಾಯಿ ಮುಚ್ಚಲಿಲ್ಲ. ಅನನ್ಯಾ ಮಾತ್ರ ತಲೆಯೆತ್ತಿ, "ಐದು ಗಂಟೆಗಾ?" ಎಂದಳು. ಅಷ್ಟರಲ್ಲಿ ರಮಾಕಾಂತ್ ಹೊಸ ನಿಯಮವನ್ನು ಗಟ್ಟಿಯಾಗಿ ಓದತೊಡಗಿದ್ದರು.

ಸೀಸನ್ ಶುರುವಾಯಿತು. ಏಪ್ರಿಲ್‌ನಲ್ಲಿ ಮೊದಲ ಮಂಗಳವಾರ ಟೀಮು ಹಾಕಿ ಬೀಗ ಬಿತ್ತು. ಬುಧವಾರ ವನಜಾ ಆರಕ್ಕೆ ಏಳಬಹುದಿತ್ತು. ಐದಕ್ಕೇ ಎಚ್ಚರವಾಯಿತು. ಟ್ರೇನ್ ಎಡ್ಜ್‌ವಾಟರ್ ದಾಟಿತು, ವಿಟ್‌ಫರ್ಡ್ಸ್ ದಾಟಿತು. ಆರೂ ನಲವತ್ತೂ ದಾಟಿತು. ತಿಂಡಿ ಆಯ್ತಾ ಎಂದು ಬರೆದು, ಮತ್ತೆ ಅಮ್ಮ ಪ್ಲೀಸ್ ಅನ್ನಿಸಿಕೊಳ್ಳುವುದೇಕೆ ಎಂದು ಅಳಿಸಿದಳು. ನಾಳೆಯಿಂದ ಒಂದು ಪುಸ್ತಕವನ್ನಾದರೂ ಜೊತೆಗೆ ತರಬೇಕು ಎಂದುಕೊಂಡಳು.

ಮರುದಿನ ಕಾಲು ಗಂಟೆ ಮುಂಚಿನ ಟ್ರೇನ್ ಹಿಡಿದಳು, ಪುಸ್ತಕವನ್ನೇನೋ ತಂದಿದ್ದಳು. ಅದನ್ನು ತೆರೆಯುವ ಮೊದಲೇ, ಟ್ರೇನ್ ಇನ್ನೂ ಜೂಂಡಲಪ್ ಬಿಡುವಷ್ಟರಲ್ಲಿ, ಫೋನ್ ಹೊಡೆದುಕೊಂಡಿತು. ಸಂದೇಶವಲ್ಲ, ಕರೆ.

"ಅಮ್ಮ, ಐದು ಗಂಟೆಗೆ ಯಾಕೆ ಏಳ್ತಿದ್ದೆ?" ಅನನ್ಯಾಳ ಕನ್ನಡ. ಒಂದೊಂದೇ ಪದವನ್ನು ಹುಡುಕಿ ಇಟ್ಟ ಹಾಗಿತ್ತು.

"ನೀನು ಏನಾದ್ರೂ ಕೇಳ್ತೀಯಲ್ಲ ಅಂತ."

"ನಾನು ನಿಂಗೋಸ್ಕರ ಕೇಳ್ತಿದ್ದೆ," ಎಂದಳು ಅನನ್ಯಾ. "ನಿಂಗೆ ಈ ಆಟ ಇಷ್ಟ ಅಂತ."

ಆ ಕಡೆ ಹೆಜ್ಜೆಯ ಸದ್ದು ಕೇಳುತ್ತಿತ್ತು.

"ಬಸ್ ಇಳಿದಿದೀನಿ. ವಾರ್ಡಿಗೆ ನಡೆಯೋಕೆ ಏಳು ನಿಮಿಷ," ಎಂದಳು ಮಗಳು. "ದಿನಾ."

"ತಿಂಡಿ ಆಯ್ತಾ?" ಎಂದು ವನಜಾಳ ಬಾಯಿಂದ ಬಂದೇಬಿಟ್ಟಿತು.

"ಇಲ್ಲ. ನೀನು ಏನು ತಿಂದೆ ಹೇಳು."

ವನಜಾ ಉಪ್ಪಿಟ್ಟಿನಿಂದ ಶುರುಮಾಡಿದಳು. ಎದುರು ಸೀಟಿನವರು ಎರಡು ಸಲ ತಿರುಗಿ ನೋಡಿದರೂ ಅವಳು ದನಿ ತಗ್ಗಿಸಲಿಲ್ಲ.