ಹಿನ್ನೆಲೆಯಲ್ಲಿ ನಡೆದ ಮದುವೆ

ಗೆಳೆಯರೇ, ಇಂದು ತಾಂಬಾ ಊರಿನ ಹಿರಿಯರೊಬ್ಬರು ಇಂಡಿ ಪಟ್ಟಣದ ಚಹಾದಂಗಡಿಯಲ್ಲಿ ಕೂತು, ಟಿವಿಯಲ್ಲಿ ತಮ್ಮದೇ ಮಗಳ ಮದುವೆ ನೋಡಿದರು. ಅವರು ಬಂದದ್ದು ಪಕ್ಕದ ಫೋಟೊ ಸ್ಟುಡಿಯೊಗೆ, ಮದುವೆಯ ಆಲ್ಬಮ್ ಆರಿಸಲು. ಟಿವಿಯಲ್ಲಿ ಊಟದ ಪಂಕ್ತಿ ನೋಡುತ್ತಿದ್ದ ಗಿರಾಕಿಯೊಬ್ಬ, "ಹೋಳಿಗಿ ಮ್ಯಾಲ ತುಪ್ಪ ಭಾಳ ಕಡಿಮಿ ಹಾಕ್ಯಾರ" ಎಂದು ತೀರ್ಪನ್ನೂ ಕೊಟ್ಟ.

ಸ್ಟುಡಿಯೊದ ಮಲ್ಲಣ್ಣ ಗಾಬರಿಯಿಂದ ನನ್ನನ್ನು ಕರೆಸಿದ. ಮದುವೆ ವಿಡಿಯೊಗಳಿರುವ ಅವನ ಲಿನಕ್ಸ್ ಕಂಪ್ಯೂಟರಿಗೆ, ಅದೇ ವೈಫೈಯಲ್ಲಿರುವ ಬೇರೆ ಯಂತ್ರಗಳಿಗೆ ಫೈಲು ಹಂಚುವ ಸರ್ವಿಸ್ ಹಾಕಿಕೊಟ್ಟವನು ನಾನೇ. ಅದು ಪರದೆಯ ಮೇಲೆ ಕಾಣಿಸದೆ, ಹಿನ್ನೆಲೆಯಲ್ಲಿ ಸದಾ ಓಡುತ್ತಿರುತ್ತದೆ. ಪಾಸ್‌ವರ್ಡ್ ಇಡೋಣ ಎಂದಾಗ, "ಎಲ್ಲಾರೂ ನಮ್ಮವರ ಅದಾರ, ಬ್ಯಾಡ ತಗೀರಿ" ಎಂದಿದ್ದ. ಅವನ ವೈಫೈಯನ್ನೇ ಬಳಸುವ ಚಹಾದಂಗಡಿಯ ಟಿವಿಯೂ ಹೀಗೆ ನಮ್ಮವರಲ್ಲಿ ಸೇರಿತು.

ನಾನು ಹೋದಾಗ ಹಿರಿಯರು ಸ್ಟುಡಿಯೊದಲ್ಲಿ ಕೂರಲೊಲ್ಲದೆ ಸಿಟ್ಟಿನಿಂದ ಅತ್ತಿತ್ತ ತಿರುಗುತ್ತಿದ್ದರು. "ನನ್ನ ಮಗಳ ಲಗ್ನ ಅಂದ್ರ ಸಿನೆಮಾ ಏನ್ರಿ? ಮೊದಲ ಬಂದ್ ಮಾಡ್ರಿ."

"ಮಾನಿಟರ್ ಬಂದ್ ಮಾಡೇನ್ರಿ, ಆದ್ರೂ ನಡದೈತಿ" ಎಂದ ಮಲ್ಲಣ್ಣ, ಎಲ್ಲ ಪ್ರಯತ್ನ ಮುಗಿಸಿದವನಂತೆ.

ಸರ್ವಿಸ್ ನಿಲ್ಲಿಸಿದೆ. ಸೆಟ್ಟಿಂಗ್ ಫೈಲಿನಲ್ಲಿ ಎಲ್ಲರಿಗೂ ಇದ್ದ ಅನುಮತಿ ಅಳಿಸಿ, ಪಾಸ್‌ವರ್ಡ್ ಕಡ್ಡಾಯ ಮಾಡಿ ಮತ್ತೆ ಚಾಲೂ ಮಾಡಿದೆ. ಪಕ್ಕದ ಟಿವಿ ಕಪ್ಪಾಯಿತು. ಹಿರಿಯರು ಕೊನೆಗೂ ಕುರ್ಚಿಯಲ್ಲಿ ಕೂತರು.

ಅಷ್ಟರಲ್ಲಿ ಚಹಾದಂಗಡಿಯವನು ಬಾಗಿಲಿಗೆ ಬಂದ. "ಇನ್ನ ಹೆಣ್ಣು ಕಳಸೂದು ಉಳದೈತ್ರಿ, ಗಿರಾಕಿ ಕಾಯಾಕತ್ತಾರ. ಪಾಸ್‌ವರ್ಡ್ ಏನ್ರಿ?"

ಮಲ್ಲಣ್ಣ, ಹೇಳಿಬಿಡಿ ಎನ್ನುವಂತೆ, ಬಹಳ ಸೌಜನ್ಯದಿಂದ ನನ್ನ ಮುಖ ನೋಡಿದ. ಭದ್ರತೆ ಮುಖ್ಯ ನೋಡಿ, ಆ ಪಾಸ್‌ವರ್ಡನ್ನು ನಾನಿನ್ನೂ ಮಲ್ಲಣ್ಣನಿಗೇ ಹೇಳಿಲ್ಲ.