ಒಲೆಯ ಮೇಲಿನ ಅಟ್ಟದಲ್ಲಿ ಆರು ಸಿಗಾರು

ಬೆಳಿಗ್ಗೆ ದೋಸೆ ಹಿಟ್ಟಿಗೆ ಉಪ್ಪು ಹಾಕಿ ಕಲಸಿದೆ. ಹಿತ್ತಲ ಮೆಟ್ಟಿಲಿನ ಪಾಚಿ ತಿಕ್ಕಿದೆ. ಬಾವಿಕಟ್ಟೆಯ ಹಗ್ಗ ಬದಲಿಸಿದೆ. ಮೂರು ದಿನದಿಂದ ಒಣಗದೆ ಜೋತಾಡುತ್ತಿದ್ದ ಇವರ ಅಂಗಿಗಳಿಗೆ ಇಸ್ತ್ರಿ ಹಾಕಿದೆ. ಅದರಲ್ಲೊಂದಕ್ಕೆ ಗುಂಡಿ ಇರಲಿಲ್ಲ. ಹೊಂದುವ ಗುಂಡಿ ಹುಡುಕಲೆಂದು ಕಪಾಟಿನಿಂದ ಮರದ ಪೆಟ್ಟಿಗೆ ತೆಗೆದು ಮುಚ್ಚಳ ಎತ್ತಿದೆ... ಕೆಲಸ ಅಲ್ಲಿಗೇ ನಿಂತಿತು.

ಹಳೆಯ ಮರ, ಹೊಗೆಸೊಪ್ಪು, ಎಲ್ಲೋ ಅಡಿಯಲ್ಲಿ ಸ್ವಲ್ಪ ಒಣಮೀನು. ಇಷ್ಟು ವರ್ಷಗಳಾದರೂ ಆ ವಾಸನೆ ಪೆಟ್ಟಿಗೆ ಬಿಟ್ಟು ಹೋಗಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಮಿರ್ಜಾನದಿಂದ ಹೊನ್ನಾವರಕ್ಕೆ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ಎದುರು ಮನೆಯಲ್ಲಿ ಒಬ್ಬರೇ ಇದ್ದರು. ಹರೆಯದಲ್ಲಿ ಪಕ್ಕದ ಮಂಕಿ ಊರಿನ ಮೀನುದೋಣಿಯ ಕೆಲಸ ಬಿಟ್ಟು ಮುಂಬೈಗೆ ಹೋಗಿ, ದೊಡ್ಡ ಹಡಗುಗಳ ಅಡುಗೆಮನೆಯಲ್ಲಿ ಆಯಸ್ಸು ಕಳೆದು ಬಂದವರು. ಕೇರಿಗೆಲ್ಲ ಅವರು ಹಡಗಿನ ಮಾವ. ನನ್ನನ್ನು ಮೊದಲ ದಿನದಿಂದಲೇ ‘ತಂಗಿ’ ಎಂದರು. ಹೊಸ ಊರಲ್ಲಿ ಹಾಗೆ ಕರೆದವರು ಅವರೊಬ್ಬರೇ.

ಅವರ ಮನೆಯಲ್ಲಿ ಬೆಲೆಬಾಳುವಂಥದ್ದು ಏನಾದರೂ ಇದ್ದರೆ ಈ ಪೆಟ್ಟಿಗೆ. ಒಳಗೆ ಆರು ಸಿಗಾರು. ಹಡಗಿನ ಕಪ್ತಾನ ಅವರಿಗೂ ಅವರ ಜೊತೆ ದುಡಿಯುತ್ತಿದ್ದ ಭಟ್ಕಳದ ಗೆಳೆಯರೊಬ್ಬರಿಗೂ ಸೇರಿಸಿ ಕೊಟ್ಟಿದ್ದನಂತೆ. ಉಳಿದವನ್ನು ಸೇದಿ, ಈ ಆರನ್ನು ಎತ್ತಿಟ್ಟಿದ್ದರು. ಇಬ್ಬರೂ ಸಮುದ್ರ ಬಿಟ್ಟು ಊರಿಗೆ ಬಂದ ಮೇಲೆ ಒಟ್ಟಿಗೆ ಕೂತು ಸೇದುವುದೆಂದು ಮಾತು. ಮಾವ ಬಂದು ಐದು ವರ್ಷವಾಗಿತ್ತು. ಗೆಳೆಯರು ಇನ್ನೂ ಹಡಗಿನಲ್ಲೇ ಇದ್ದರು.

ನಮ್ಮ ಕಡೆಯ ಹವೆಯಲ್ಲಿ ಸಿಗಾರು ಉಳಿಸುವುದು ಹುಡುಗಾಟವಲ್ಲ. ಮಳೆಗಾಲದಲ್ಲಿ ಬೂಸ್ಟು, ಬೇಸಿಗೆಯ ಒಣಗಾಳಿಗೆ ಬಿರುಕು. ಮಾವನ ಹತ್ತಿರ ಹವೆ ಅಳೆಯುವ ಯಂತ್ರವೇನೂ ಇರಲಿಲ್ಲ. ಒಂದು ಶೀಸೆಯ ಮುಚ್ಚಳದಲ್ಲಿ ಹರಳುಪ್ಪು ಹಾಕಿ ಪೆಟ್ಟಿಗೆಯ ಮೂಲೆಯಲ್ಲಿಡುತ್ತಿದ್ದರು. ಉಪ್ಪು ನೀರೊಡೆದರೆ ತೇವ ಹೆಚ್ಚು. ಪೆಟ್ಟಿಗೆ ಅಕ್ಕಿ ಡಬ್ಬದೊಳಗೆ ಹೋಗುತ್ತಿತ್ತು. ಮರಳಿನಂತೆ ಉದುರಿದರೆ ಕಡಿಮೆ. ಕುಡಿಯುವ ನೀರಿನ ಕೊಡದ ಪಕ್ಕಕ್ಕೆ ಬರುತ್ತಿತ್ತು. ಉಪ್ಪಿನ ಹರಳು ಬೆರಳಿಗೆ ತಂಪಾಗಿ, ಒಂದಕ್ಕೊಂದು ಅಂಟಿಕೊಂಡು, ಆದರೆ ಒದ್ದೆಯಾಗದೆ ಇದ್ದರೆ ಸರಿ. ಪ್ರತಿ ಭಾನುವಾರ ನೋಡುತ್ತಿದ್ದರು, ಸಿಗಾರುಗಳನ್ನು ಒಂದೊಂದೇ ಮಗ್ಗುಲು ತಿರುಗಿಸುತ್ತಿದ್ದರು.

ಆ ಆಷಾಢದಲ್ಲಿ ಕಣ್ಣಿನ ಆಪರೇಶನ್ನಿಗೆಂದು ಅವರು ತಿಂಗಳ ಮಟ್ಟಿಗೆ ಮಂಗಳೂರಿಗೆ ಹೊರಟರು. ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು.

“ಉಪ್ಪು ನೋಡ್ತಾ ಇರು ತಂಗಿ. ನೀರು ಬಿಟ್ರೆ ಅಕ್ಕಿಯೊಳಗೆ ಇಡು. ಮತ್ತೆಂತ ಮಾಡೂದು ಬೇಡ.”

ಒಂದು ವಾರ ಎಲ್ಲ ಸರಿಯಿತ್ತು. ಆಮೇಲೆ ಮಳೆ ಹಿಡಿಯಿತು ನೋಡಿ, ನಾಲ್ಕು ದಿನ ಬಿಡಲಿಲ್ಲ. ಐದನೆಯ ದಿನ ಮುಚ್ಚಳದ ಉಪ್ಪು ಪೂರ್ತಿ ನೀರಾಗಿತ್ತು. ಅಕ್ಕಿ ಡಬ್ಬಕ್ಕೆ ಕೈ ಹಾಕಿದರೆ ಅಕ್ಕಿಯೂ ತೇವದಿಂದ ತಣ್ಣಗೆ. ನನಗೆ ಗಾಬರಿಯಾಯಿತು. ತವರಿನಲ್ಲಿ ಮಳೆಗಾಲ ಬಂದರೆ ಹಾಳಾಗಬಾರದ್ದೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತಿತ್ತು: ಹಪ್ಪಳ, ಮುರುಗಲು ಸಿಪ್ಪೆ, ಒಣಸಿಗಡಿ, ಬೀಜದ ಸೌತೆ. ನಾನೂ ಅದನ್ನೇ ಮಾಡಿದೆ. ಪೆಟ್ಟಿಗೆಯನ್ನು ಒಣಬಂಗಡೆ ಮೀನಿನ ಬುಟ್ಟಿಯ ಪಕ್ಕ ಏರಿಸಿದೆ. ಮುಚ್ಚಳಕ್ಕೆ ಬೇರೆ ಉಪ್ಪು ಹಾಕಿದೆ. ಎರಡು ದಿನ ಬಿಟ್ಟು ನೋಡಿದರೆ ಉಪ್ಪು ಗಲಗಲ ಅನ್ನುತ್ತಿತ್ತು. ಗೆದ್ದೆ ಅಂದುಕೊಂಡೆ. ಉದುರುವುದೂ ಕೆಡುಕೇ ಎಂಬ ಮಾತು ಆ ಮಳೆಯಲ್ಲಿ ತಲೆಗೇ ಬರಲಿಲ್ಲ.

ಎರಡೂವರೆ ವಾರದ ನಂತರ ಕಾರ್ಡು ಬಂತು. ಬರುವ ಗುರುವಾರ ಮಾವ ವಾಪಸು. ಅದರ ಕೆಳಗೆ ಇನ್ನೊಂದು ಸಾಲು: ಭಟ್ಕಳದವನು ಹಡಗು ಬಿಟ್ಟನಂತೆ, ಚೌತಿ ಕಳೆದ ಮೇಲೆ ಬರುತ್ತಾನಂತೆ. ಸಂತೋಷದಿಂದಲೇ ಪೆಟ್ಟಿಗೆ ಇಳಿಸಿದೆ. ಒಂದು ಸಿಗಾರನ್ನು ತಿರುಗಿಸಲು ಹೋದರೆ ಹೊರಗಿನ ಎಲೆ ಚಟ್ ಎಂದು ಸೀಳಿತು. ಇನ್ನೊಂದೂ ಹಾಗೇ. ಮೂರನೆಯದನ್ನು ಮುಟ್ಟುವ ಧೈರ್ಯ ಬರಲಿಲ್ಲ. ಹೊನ್ನಾವರದಲ್ಲಿರಲಿ, ಕುಮಟೆಯಲ್ಲೂ ಅಂಥದ್ದು ಸಿಗುವುದಿಲ್ಲ. ಇವರಿಗೆ ಹೇಳಿದೆ. “ಇದ್ದದ್ದು ಇದ್ದ ಹಾಗೆ ಹೇಳಿಬಿಡು” ಎಂದರು.

ಮಾವ ಚೀಲ ಕೆಳಗಿಡುವ ಮೊದಲೇ ಹೇಳಿದೆ. ಅವರು ಹಸಿರು ಕನ್ನಡಕದ ಹಿಂದಿನಿಂದ ನನ್ನನ್ನು ನೋಡಿದರು. ಒಂದು ಸಿಗಾರನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಒತ್ತಿದರು. ಮೂಗಿಗೆ ಹಿಡಿದರು.

“ಎಲ್ಲಿಟ್ಟಿದ್ದೆ?”

“ಒಲೆ ಮೇಲಿನ ಅಟ್ಟದಲ್ಲಿ.”

“ಅಯ್ಯೋ ಮಾರಾಯ್ತಿ! ಸಿಗಾರನ್ನ ಬಂಗಡೆ ಮಾಡಿಬಿಟ್ಟೆಯಲ್ಲೇ!”

ನಾನು ಅಳತೊಡಗಿದೆ.

“ಅಳೂದ್ಯಾಕೆ? ನಿನ್ನ ಕಣ್ಣೀರಿನ ತೇವಕ್ಕೆ ಅದು ಸರಿ ಆಗೂದಿಲ್ಲ. ಸತ್ತಿಲ್ಲ ಅದು, ಬಾಯಾರಿದೆ ಅಷ್ಟೆ. ಆದ್ರೆ ಈಗ ನೀರು ಕುಡಿಸ್ಲಿಕ್ಕಿಲ್ಲ. ಕುಡಿಸಿದ್ರೆ ಹೊಟ್ಟೆ ಒಡೀತದೆ. ದೂರದಿಂದ ನೀರಿನ ಸುದ್ದಿ ಹೇಳ್ಬೇಕು.”

ಮರುದಿನದಿಂದ ಸುದ್ದಿ ಹೇಳುವ ಕೆಲಸ ಶುರುವಾಯಿತು. ಮೊದಲ ವಾರ ಪೆಟ್ಟಿಗೆ ಮಾವನ ನಡುಮನೆಯ ಮೂಲೆಯಲ್ಲಿ, ಮುಚ್ಚಳ ಬೆರಳಷ್ಟು ತೆರೆದು. ಆಮೇಲೆ ಒಳಗೆ ನಾಲ್ಕು ಹನಿ ನೀರು ಚಿಮುಕಿಸಿದ ಉಪ್ಪು. ಆಮೇಲೆ ಕೊಡದಿಂದ ಒಂದು ಮಾರು ದೂರ, ಅರ್ಧ ಮಾರು, ಒಂದು ಗೇಣು. ದಿನಾ ಬೆಳಿಗ್ಗೆ ನಮ್ಮ ಚಾ ಆದ ಮೇಲೆ ನಾನು ಹೋಗಿ ಉಪ್ಪು ಮುಟ್ಟುತ್ತಿದ್ದೆ, ಮಾವ ಸಿಗಾರು ಒತ್ತುತ್ತಿದ್ದರು. ಪೆಟ್ಟಿಗೆ ಮುಟ್ಟಲು ನನ್ನನ್ನು ಮತ್ತೆ ಬಿಟ್ಟರಲ್ಲ, ಅದೇ ನನಗೆ ಅರ್ಧ ಜೀವ ಬಂದ ಹಾಗಾಗಿತ್ತು. ಸೀಳಿದ ಎರಡಕ್ಕೆ ಗಂಜಿಯ ತಿಳಿ ಸವರಿ ಎಲೆ ಕೂರಿಸಿದರು. ಐದನೆಯ ವಾರದಲ್ಲಿ ಒಂದು ದಿನ ನನ್ನ ಬೆರಳುಗಳ ನಡುವೆ ಸಿಗಾರು ಇಟ್ಟು, “ಒತ್ತಿ ನೋಡು” ಎಂದರು. ಒತ್ತಿದೆ. ಸದ್ದಿಲ್ಲ. ಸ್ವಲ್ಪ ಬಾಗಿ, ಮತ್ತೆ ತನ್ನ ಪಾಡಿಗೆ ತಾನು ಸರಿಯಾಯಿತು.

“ಆತು ನೋಡು” ಎಂದರು. ಆದರೆ ವಾಸನೆ ಹೋಗಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತೆತ್ತಲಿಲ್ಲ.

ಚೌತಿಯಾಗಿ ಹತ್ತು ದಿನಕ್ಕೆ ಭಟ್ಕಳದ ಗೆಳೆಯರು ಬಸ್ಸಿಳಿದು ಬಂದರು. ಬಿಳಿ ಗಡ್ಡ, ಕೈಯಲ್ಲಿ ಹಲ್ವದ ಪೊಟ್ಟಣ. ಮಧ್ಯಾಹ್ನದ ಊಟವಾದ ಮೇಲೆ ಇಬ್ಬರೂ ಜಗಲಿಯಲ್ಲಿ ಕೂತರು. ನಾನು ಚಾ ಕೊಡುವ ನೆಪದಲ್ಲಿ ಬಾಗಿಲ ಹಿಂದೆ ನಿಂತಿದ್ದೆ. ಗೆಳೆಯರು ಸಿಗಾರಿಗೆ ಬೆಂಕಿ ತಾಗಿಸಿದರು, ಕಣ್ಣು ಮುಚ್ಚಿದರು, ಹೊಗೆ ಬಿಟ್ಟರು. ಮತ್ತೊಮ್ಮೆ ಎಳೆದರು. ಹುಬ್ಬು ಗಂಟಾಯಿತು.

“ಅರೇ ಭಾಯಿ, ಇದ್ರಲ್ಲಿ ಒಣಬಂಗಡೆ ವಾಸನೆ ಬರ್ತದಲ್ಲೋ?”

ಮಾವ ಬಾಗಿಲ ಕಡೆ ತಿರುಗಲೇ ಇಲ್ಲ.

“ಹೊನ್ನಾವರದಲ್ಲಿ ಐದು ವರ್ಷ ಇಟ್ಟರೆ ಮತ್ತೆಂತ ವಾಸನೆ ಬರ್ತದೆ? ಅತ್ತರಿನದ್ದಾ?”

ಗೆಳೆಯರು ಸಿಗಾರನ್ನೇ ನೋಡುತ್ತ ಕೂತರು. ಆಮೇಲೆ ನಗುವಿಗೆ ಅವರ ಹೊಟ್ಟೆ ಕುಲುಕತೊಡಗಿತು.

“ಬೇಡ ಅಂತ ಯಾರು ಹೇಳಿದ್ದು? ಮೂವತ್ತು ವರ್ಷ ಹಡಗಲ್ಲಿ ಬೆಣ್ಣೆ ವಾಸನೆ ಕುಡಿದು ಸತ್ತಿದ್ದೇನೆ. ಇನ್ನೊಂದು ಕೊಡು.”

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಚಾ ತಣ್ಣಗಾಗಿತ್ತು. ಯಾರೂ ಬೈಯಲಿಲ್ಲ.

ಚಳಿಗಾಲ ಮುಗಿಯುವುದರೊಳಗೆ ಆರೂ ಮುಗಿದವು. “ಗುಂಡಿ ಹಾಕಿಡು, ಅಟ್ಟಕ್ಕೆ ಮಾತ್ರ ಏರಿಸಬೇಡ” ಎಂದು ಮಾವ ಖಾಲಿ ಪೆಟ್ಟಿಗೆಯನ್ನು ನನಗೇ ಕೊಟ್ಟರು. ಅದಾಗಿ ಎರಡನೆಯ ಮಳೆಗಾಲವನ್ನು ಅವರು ದಾಟಲಿಲ್ಲ. ಗೆಳೆಯರು ಭಟ್ಕಳದಿಂದ ಬಂದು ಆ ಜಗಲಿಯಲ್ಲಿ ಒಬ್ಬರೇ ಕೂತು ಹೋದರು... ಈಗ ಅವರೂ ಇಲ್ಲ. ಎದುರು ಮನೆಯ ಜಗಲಿಗೆ ಕಬ್ಬಿಣದ ಸರಳು ಬಂದಿದೆ. ಉಪ್ಪು ಎಷ್ಟು ಅಂಟಿದರೆ ಸರಿ ಎಂದು ಕೇಳಲು ನನಗೆ ಯಾರೂ ಉಳಿದಿಲ್ಲ. ಆದರೆ ಬೆರಳಿಗೆ ಗೊತ್ತಿದೆ.

ಅಂಗಿಗೆ ಹೊಂದುವ ಗುಂಡಿ ಸಿಕ್ಕಿತು. ಮೂಲೆಯ ಶೀಸೆ ಮುಚ್ಚಳದಲ್ಲಿ ಹೊಸದಾಗಿ ನಾಲ್ಕು ಹರಳು ಉಪ್ಪು ಹಾಕಿ ಪೆಟ್ಟಿಗೆ ಮುಚ್ಚಿಟ್ಟೆ. ರಾತ್ರಿಗೆ ಕುಚ್ಚಲಕ್ಕಿ ಗಂಜಿ, ಸುಟ್ಟ ಒಣಬಂಗಡೆ, ಮಾವಿನಮಿಡಿ. ಇವರು ಎರಡು ಬಾರಿ ಬಡಿಸಿಕೊಂಡರು, ನನಗಿಂತ ಮೊದಲು ಮಲಗಿದರು.